ಷರತ್ತಿನ ಮನೆಗೆ ಬಾಗಿಲು ಎಲ್ಲಿ?

ಚಳ್ಳಕೆರೆಯಿಂದ ಬಳ್ಳಾರಿಯ ದಾರಿ ಹಿಡಿದು ಹೊರಟವರಿಗೆ ತಳಕು ಸಿಕ್ಕುತ್ತದೆ. ಕನ್ನಡ ವಾಚಕರಿಗೆ ಈ ಊರಿನ ಹೆಸರು ಹೊಸದಲ್ಲ. ಟಿ. ಎಸ್. ವೆಂಕಣ್ಣಯ್ಯನವರ ಹೆಸರಿನ ಮೊದಲ ಅಕ್ಷರವೂ ತ. ರಾ. ಸುಬ್ಬರಾಯರ ಹೆಸರಿನ ಮೊದಲ ಅಕ್ಷರವೂ ಸೂಚಿಸುವುದು ಇದೇ ಊರನ್ನು. ತಳುಕು ಎಂದು ಬರೆಯುವವರೂ ಉಂಟು. ಆದರೆ ನಾವು ಈಗ ಹೇಳಹೊರಟಿರುವುದು ಸಾಹಿತ್ಯದ ಸಂಗತಿಯಲ್ಲ. ವ್ಯಾಕರಣದ ಸಂಗತಿಯೆಂದರೆ ಒಪ್ಪಬಹುದು. ಮನುಷ್ಯರ ಮಾತಿನ ವ್ಯಾಕರಣವಲ್ಲ, ಗಣಕಯಂತ್ರಕ್ಕೆ ಹೇಳುವ ಮಾತಿನ ವ್ಯಾಕರಣ.

ತಳಕಿಗೆ ನೆರೆಯಾದ ನಾಯಕನಹಟ್ಟಿಯ ಸುತ್ತಿನಲ್ಲಿ ಹಿಂದೆ ಅಮೃತಮಹಲ್ ದನಗಳು ಮೇಯುತ್ತಿದ್ದ ವಿಸ್ತಾರವಾದ ಕಾವಲುಗಳಿವೆ. ಅವುಗಳಲ್ಲೊಂದರಲ್ಲಿ 2017ರಲ್ಲಿ ರಕ್ಷಣಾ ಇಲಾಖೆಯ ವೈಮಾನಿಕ ಪರೀಕ್ಷಾ ಕ್ಷೇತ್ರವು ಪ್ರಾರಂಭವಾಯಿತು. (ಕಾವಲು ಬೇಲಿಯೊಳಗೆ ಸೇರಿದ್ದರಿಂದ ಕುರಿಗಾಹಿಗಳಿಗೆ ಒದಗಿದ ಕಷ್ಟ ಬೇರೊಂದು ಲೇಖನಕ್ಕೆ ತಕ್ಕ ವಿಷಯ.) 2023ನೆಯ ಏಪ್ರಿಲ್ 2ರ ಭಾನುವಾರ ಬೆಳಿಗ್ಗೆ 7 ಗಂಟೆ 10 ನಿಮಿಷಕ್ಕೆ ಅಲ್ಲಿಂದ ವಾಯುಪಡೆಯ ಒಂದು ಚಿನೂಕ್ ಹೆಲಿಕಾಪ್ಟರು ಮೇಲೆದ್ದಿತು. ಅದರ ಕೆಳಗೆ ರೆಕ್ಕೆಗಳುಳ್ಳ ಒಂದು ವಾಹನ ತೂಗುತ್ತಿತ್ತು. ಅಂತರಿಕ್ಷಕ್ಕೆ ಹೋಗಿ ವಿಮಾನದಂತೆ ಹಿಂದಿರುಗಿ ಇಳಿಯಬೇಕಾದ, ಮತ್ತೆ ಮತ್ತೆ ಬಳಸಬಹುದಾದ ರಾಕೆಟ್ಟಿನ ಮಾದರಿ ಅದು; ಇಸ್ರೋ ಸಂಸ್ಥೆಯದು. ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಹೆಲಿಕಾಪ್ಟರು ಅದನ್ನು ಕೈಬಿಟ್ಟಿತು. ಸಾರಥಿಯಿಲ್ಲದ ಆ ವಾಹನ ತನ್ನ ದಾರಿಯನ್ನು ತಾನೇ ಕಂಡುಕೊಂಡು 7 ಗಂಟೆ 40 ನಿಮಿಷಕ್ಕೆ ಓಡುಹಾದಿಯ ಮೇಲೆ ಇಳಿಯಿತು.

ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದ ಸಂಗತಿ ಇಳಿದದ್ದಲ್ಲ, ಬಿಟ್ಟದ್ದು. ಯಾವ ಕ್ಷಣದಲ್ಲಿ ಕೈಬಿಡಬೇಕೆಂಬುದನ್ನು ಮನುಷ್ಯರು ನಿರ್ಧರಿಸಲಿಲ್ಲ. ವಾಹನದೊಳಗಿನ ಗಣಕಯಂತ್ರವೇ ನಿರ್ಧರಿಸಿತು. ಅದಕ್ಕೆ ಹತ್ತು ಷರತ್ತುಗಳನ್ನು ಒಪ್ಪಿಸಲಾಗಿತ್ತು. ವಾಹನವಿರುವ ಸ್ಥಾನ, ವೇಗ, ಎತ್ತರ, ಮೈ ತಿರುಗುವ ವೇಗ ಮುಂತಾದ ಹತ್ತು ಅಳತೆಗಳು ಮೊದಲೇ ಗೊತ್ತುಮಾಡಿದ ಮಿತಿಯೊಳಗೆ ಬಂದರೆ ಮಾತ್ರ ಬಿಡಬೇಕು. ಒಂಬತ್ತು ಕೂಡಿಬಂದು ಒಂದು ತಪ್ಪಿದರೂ ಬಿಡಬಾರದು. ಮನುಷ್ಯರ ಮಾತಿನಲ್ಲಿ ಹೇಳುವುದಾದರೆ ಇದು ‘ಆದರೆ’ ಎಂಬ ಪದದ ಕೆಲಸ: ಹೀಗಿದ್ದರೆ ಹಾಗೆ ಮಾಡು, ಇಲ್ಲದಿದ್ದರೆ ಬಿಟ್ಟು ಹೊರಡು.

ಈ ‘ಬಿಟ್ಟು ಹೊರಡು’ ಎಂಬ ಮಾತು ಕೇಳುವುದಕ್ಕೆ ಬಹಳ ಸರಳ. ಆದರೆ ಗಣಕಯಂತ್ರದ ಭಾಷೆಗಳಲ್ಲಿ ಇದರಷ್ಟು ತೊಡಕನ್ನು ತಂದ ಮಾತುಗಳು ಕೆಲವೇ. ಬಿಟ್ಟು ಹೊರಡುವುದು ಸರಿ, ಎಲ್ಲಿಂದ? ತೊಡಕೆಲ್ಲ ಇರುವುದು ಈ ಪ್ರಶ್ನೆಯಲ್ಲಿ. ಆಕಾಶವಾಹನದ ಕ್ರಮವಿಧಿಯನ್ನು ಅಲ್ಲಿಗೇ ಬಿಟ್ಟು, ನೆಲದ ಮೇಲಿನ ಒಂದು ಚಿಕ್ಕ ಕೆಲಸವನ್ನು ತೆಗೆದುಕೊಂಡು ಇದನ್ನು ನೋಡೋಣ.

ಚಳ್ಳಕೆರೆ ತಾಲ್ಲೂಕು ಕರ್ನಾಟಕದಲ್ಲಿ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲೊಂದು. ಇಲ್ಲಿನ ಕಡಲೆಕಾಯಿ ಬೆಳೆ ನಿಂತಿರುವುದೂ ಬೀಳುವುದೂ ಒಂದೆರಡು ಹದಮಳೆಗಳ ಮೇಲೆ. ಆದುದರಿಂದ ಮಳೆಯ ಪುಸ್ತಕ ಇಲ್ಲಿ ಬರಿಯ ಅಂಕಿಗಳ ಪುಸ್ತಕವಲ್ಲ. ಕೇಂದ್ರ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿಯು ಬರವನ್ನು ಸಾರುವುದಕ್ಕೆ ಮೊದಲು ನೋಡಬೇಕೆಂದು ಹೇಳುವುದು ಮಳೆಯ ಕೊರತೆಯನ್ನು ಮತ್ತು ವಾರಗಟ್ಟಲೆ ಮಳೆಯಿಲ್ಲದೆ ಹೋದ ಅವಧಿಯನ್ನು. ಲೆಕ್ಕದಲ್ಲಿ ಮಳೆ ಹೆಚ್ಚಾಗಿ ಕಂಡರೆ ಬರುವ ಪರಿಹಾರ ಬಾರದೆ ಹೋದೀತು. ಕಡಿಮೆಯಾಗಿ ಕಂಡರೆ ಇಲ್ಲದ ಬರ ಬಂದೀತು.

ತಳಕು ಹೋಬಳಿಯ ಒಂದು ಜೂನ್ ತಿಂಗಳ ಮಳೆಯ ಪುಸ್ತಕ ನಮ್ಮ ಮುಂದಿದೆಯೆಂದು ಭಾವಿಸೋಣ. ಅಂಕಿಗಳನ್ನು ನಾವೇ ಕಲ್ಪಿಸಿಕೊಂಡಿದ್ದೇವೆ. ಮೂವತ್ತು ಸಾಲುಗಳು, ಸಾಲಿಗೊಂದು ದಿನ. ಮೊದಲ ಹತ್ತು ದಿನಗಳಲ್ಲಿ ಒಟ್ಟು 18 ಮಿಲಿಮೀಟರ್ ಮಳೆ. ಹನ್ನೊಂದನೆಯ ತಾರೀಖಿನ ಸಾಲು ಬರಿದಾಗಿದೆ. ಅಂದು ಮಳೆಮಾಪಕವನ್ನು ನೋಡಿದವರಿಲ್ಲ. ಹನ್ನೆರಡರಿಂದ ಮೂವತ್ತರವರೆಗೆ 44 ಮಿಲಿಮೀಟರ್. ತಿಂಗಳ ಮೊತ್ತ 62. ಇದನ್ನು ಕೂಡುವ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸಬೇಕು.

ಇಂಥ ಕೆಲಸಗಳಿಗೆ ಒದಗುವುದು ಸ್ಕ್ರಿಪ್ಟಿಂಗ್ ಭಾಷೆಗಳೆಂಬ ಹಗುರವಾದ ಭಾಷೆಗಳು. ಬರೆದ ಕೂಡಲೆ ಓಡಿಸಿ ನೋಡಬಹುದು. ತಪ್ಪಿದ್ದರೆ ತಿದ್ದಿ ಮತ್ತೆ ಓಡಿಸಬಹುದು. 1987ರಲ್ಲಿ ಲ್ಯಾರಿ ವಾಲ್ ಹೊರತಂದ ಪರ್ಲ್, 1991ರಲ್ಲಿ ಗಿಡೋ ವಾನ್ ರಾಸಮ್ ಹೊರತಂದ ಪೈಥಾನ್, 1995ರಲ್ಲಿ ಬ್ರೆಂಡನ್ ಐಕ್ ರಚಿಸಿದ ಜಾವಾಸ್ಕ್ರಿಪ್ಟ್ ಈ ವರ್ಗದವು. ಶಾಲೆಯ ಮಕ್ಕಳೂ ಈಗ ಮೊದಲು ಕಲಿಯುವುದು ಪೈಥಾನನ್ನು. ಅದನ್ನು ಕನ್ನಡಕ್ಕೆ ಇಳಿಸಿದರೆ ನಮ್ಮ ಕ್ರಮವಿಧಿ ಹೀಗೆ ಕಾಣುತ್ತದೆ:

ಪುಸ್ತಕದ ಪ್ರತಿಯೊಂದು ಸಾಲಿಗೂ ಹೀಗೆ ಮಾಡು —
ಸಾಲು ಜೂನ್ ತಿಂಗಳದ್ದಾಗಿದ್ದರೆ,
ಅಂಕಿ ಬರೆದಿಲ್ಲವಾದರೆ ಬಿಟ್ಟು ಹೊರಡು;
ಅಂಕಿಯನ್ನು ಮೊತ್ತಕ್ಕೆ ಸೇರಿಸು;
ಅಂಕಿ 2.5 ಮಿಲಿಮೀಟರಿಗೆ ಕಡಿಮೆಯಿಲ್ಲವಾದರೆ ‘ಮಳೆಯ ದಿನ’ಗಳಿಗೆ ಒಂದನ್ನು ಸೇರಿಸು.
ಕೊನೆಗೆ, ಸಾಲಿನ ತಾರೀಖನ್ನು ‘ನೋಡಿದ ಸಾಲು’ಗಳ ಪಟ್ಟಿಗೆ ಬರೆ.

(ಎರಡೂವರೆ ಮಿಲಿಮೀಟರ್ ನಾವು ಕಲ್ಪಿಸಿಕೊಂಡ ಅಂಕಿಯಲ್ಲ. ಭಾರತದ ಹವಾಮಾನ ಇಲಾಖೆ ‘ಮಳೆಯ ದಿನ’ವೆಂದು ಕರೆಯುವುದು ಅಷ್ಟಾದರೂ ಬಿದ್ದ ದಿನವನ್ನೇ.)

‘ಸಾಲು ಜೂನ್ ತಿಂಗಳದ್ದಾಗಿದ್ದರೆ’ ಎಂಬ ಮಾತಿಗೆ ಅಧೀನವಾಗಿರುವ ಮೂರು ಆದೇಶಗಳಿಗೆ ಷರತ್ತಿನ ಕಟ್ಟು ಎಂದು ಹೆಸರಿಡೋಣ. ಆ ಕಟ್ಟನ್ನು ಸುತ್ತುವರಿದಿರುವುದು, ಸಾಲಿನಿಂದ ಸಾಲಿಗೆ ತಿರುಗುವ ಸುತ್ತು. ಕಟ್ಟಿನ ಹೊರಗೆ, ಆದರೆ ಸುತ್ತಿನ ಒಳಗೆ, ತಾರೀಖನ್ನು ಬರೆಯುವ ಕೊನೆಯ ಆದೇಶವಿದೆ.

ಇನ್ನು ಹನ್ನೊಂದನೆಯ ತಾರೀಖಿನ ಬರಿದಾದ ಸಾಲಿಗೆ ಬರೋಣ. ‘ಬಿಟ್ಟು ಹೊರಡು’ ಎಂದಿದ್ದೇವೆ. ಈ ಪಟ್ಟಿಯನ್ನು ಒಬ್ಬ ಗುಮಾಸ್ತನ ಕೈಗೆ ಕೊಟ್ಟರೆ ಅವನು ಕ್ಷಣವೂ ತಡೆಯದೆ, ಅಂಕಿಯನ್ನು ಕೂಡುವುದನ್ನು ಬಿಟ್ಟು, ತಾರೀಖನ್ನು ಪಟ್ಟಿಗೆ ಬರೆದು, ಹನ್ನೆರಡನೆಯ ಸಾಲಿಗೆ ಹೋಗುತ್ತಾನೆ. ಏನನ್ನು ಬಿಡಬೇಕು, ಏನನ್ನು ಬಿಡಬಾರದು ಎಂಬುದು ಅವನಿಗೆ ಕೆಲಸದ ಉದ್ದೇಶದಿಂದಲೇ ತಿಳಿಯುತ್ತದೆ. ಯಂತ್ರಕ್ಕೆ ಉದ್ದೇಶ ತಿಳಿಯದು. ಅದರ ಪಾಲಿಗೆ ಬಿಟ್ಟು ಹೊರಡುವುದಕ್ಕೆ ನಾಲ್ಕು ಅರ್ಥಗಳುಂಟು: ಈ ಷರತ್ತಿನ ಕಟ್ಟನ್ನು ಬಿಡುವುದು, ಈ ಸಾಲನ್ನು ಬಿಡುವುದು, ಇಡೀ ಪುಸ್ತಕವನ್ನು ಬಿಡುವುದು, ಕೆಲಸವನ್ನೇ ಬಿಟ್ಟು ಮಲಗುವುದು. ನಮಗೆ ಬೇಕಾದದ್ದು ಮೊದಲನೆಯದು. ಸೋಜಿಗವೆಂದರೆ, ಪೈಥಾನಿನಲ್ಲಿ ಉಳಿದ ಮೂರಕ್ಕೂ ಒಂದೊಂದು ಪದವಿದೆ, ಇದೊಂದಕ್ಕೆ ಇಲ್ಲ.

ಹೊಸದಾಗಿ ಕಲಿತವನು ಸಾಮಾನ್ಯವಾಗಿ ಕೈಹಾಕುವುದು ‘ಬ್ರೇಕ್’ ಎಂಬ ಪದಕ್ಕೆ. ಹೆಸರೇ ಮುರಿದುಕೊಂಡು ಹೊರಡುವುದನ್ನು ಸೂಚಿಸುತ್ತದೆಯಲ್ಲವೆ? ಆದರೆ ಬ್ರೇಕ್ ಎಂಬುದು ಷರತ್ತಿಗೆ ಸೇರಿದ ಪದವಲ್ಲ, ಸುತ್ತಿಗೆ ಸೇರಿದ ಪದ. ಷರತ್ತಿನ ಕಟ್ಟನ್ನು ಅದು ಕಣ್ಣೆತ್ತಿಯೂ ನೋಡುವುದಿಲ್ಲ. ತನ್ನನ್ನು ಸುತ್ತುವರಿದ ಅತಿ ಸಮೀಪದ ಸುತ್ತು ಯಾವುದೋ ಅದನ್ನು ಕಡಿದು ಹೊರಗೆ ಬರುತ್ತದೆ. ಹೀಗಾಗಿ ಹನ್ನೊಂದನೆಯ ತಾರೀಖಿನಲ್ಲಿ ಪುಸ್ತಕವೇ ಮುಚ್ಚಿತು. ಯಂತ್ರ ಕೊಟ್ಟ ಮೊತ್ತ 18 ಮಿಲಿಮೀಟರ್. ತಪ್ಪಾಗಿದೆಯೆಂದು ಅದು ಒಂದು ಮಾತನ್ನೂ ಆಡಲಿಲ್ಲ. ವ್ಯಾಕರಣದ ಪ್ರಕಾರ ತಪ್ಪೇನೂ ಆಗಿರಲಿಲ್ಲವಷ್ಟೆ.

ಬ್ರೇಕಿನ ಬದಲು ‘ಕಂಟಿನ್ಯೂ’ ಎಂದು ಬರೆದಿದ್ದರೆ ಯಂತ್ರ ಆ ಸಾಲನ್ನು ಬಿಟ್ಟು ಮುಂದಿನ ಸಾಲಿಗೆ ಹೋಗುತ್ತಿತ್ತು. ಮೊತ್ತ 62 ಎಂದು ಸರಿಯಾಗಿ ಬರುತ್ತಿತ್ತು. ಆದರೆ ಕಟ್ಟಿನ ಹೊರಗಿದ್ದ ಕೊನೆಯ ಆದೇಶವನ್ನೂ ಅದು ದಾಟಿಹೋಗುವುದರಿಂದ, ನೋಡಿದ ಸಾಲುಗಳ ಪಟ್ಟಿಯಲ್ಲಿ ಮೂವತ್ತರ ಬದಲು ಇಪ್ಪತ್ತೊಂಬತ್ತು ತಾರೀಖುಗಳು ಉಳಿಯುತ್ತಿದ್ದವು. ಇದು ಮೊದಲನೆಯದಕ್ಕಿಂತ ಸಣ್ಣ ತಪ್ಪು. ಆದುದರಿಂದಲೇ ಕಂಡುಹಿಡಿಯುವುದು ಹೆಚ್ಚು ಕಷ್ಟ. ‘ಎಕ್ಸಿಟ್’ ಎಂದಿದ್ದರೆ ಕ್ರಮವಿಧಿಯೇ ಮುಗಿದು ಮೊತ್ತ ಅಚ್ಚಾಗುತ್ತಲೇ ಇರಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಮೂರರಲ್ಲಿ ಕಡಿಮೆ ಹಾನಿಯದು ಇದೇ. ಉತ್ತರವೇ ಬಾರದಿದ್ದಾಗ ಯಾರೂ ಮೋಸಹೋಗುವುದಿಲ್ಲ.

ತಳಕಿನ ಸುತ್ತಿನ ಹಟ್ಟಿಗಳಲ್ಲಿ ಕುರಿಗಳನ್ನು ಕೂಡುವ ಮುಳ್ಳುಬೇಲಿಯ ರೊಪ್ಪವನ್ನು ನೋಡಿದವರಿಗೆ ಈ ವ್ಯವಸ್ಥೆ ಚೆನ್ನಾಗಿ ಮನಸ್ಸಿಗೆ ಬರುತ್ತದೆ. ದೊಡ್ಡ ರೊಪ್ಪದೊಳಗೆ ಮರಿಗಳಿಗಾಗಿ ಒಂದು ಚಿಕ್ಕ ಅಡ್ಡಬೇಲಿ ಇರುತ್ತದೆಂದು ಭಾವಿಸಿ. ‘ಬಾಗಿಲು ತೆಗೆ’ ಎಂದು ಕೂಗಿದರೆ ತೆರೆಯುವುದು ಹೊರಬೇಲಿಯ ಬಾಗಿಲು. ಒಳಗಿನ ಅಡ್ಡಬೇಲಿಗೆ ಬಾಗಿಲೇ ಇಟ್ಟಿಲ್ಲ. ಮರಿಗಳನ್ನು ತಾಯಿಯ ಬಳಿಗೆ ಬಿಡಲು ಹೋದವನು ಮಂದೆಯನ್ನೇ ಬಯಲಿಗೆ ಬಿಟ್ಟಂತಾಗುತ್ತದೆ.

ಒಳಬೇಲಿಗೆ ಬಾಗಿಲನ್ನು ಏಕೆ ಇಡಲಿಲ್ಲ? ಇದಕ್ಕೊಂದು ಇತಿಹಾಸವಿದೆ. ಮೊದಮೊದಲಿನ ಭಾಷೆಗಳಲ್ಲಿ ‘ಗೋಟು’ ಎಂಬ ಆದೇಶ ರಾಜನಂತೆ ಮೆರೆಯುತ್ತಿತ್ತು. ಇಂಥ ಸಾಲಿಗೆ ಹೋಗು ಎಂದರೆ ಯಂತ್ರ ಅಲ್ಲಿಗೆ ನೆಗೆಯುತ್ತಿತ್ತು. ಬಾಗಿಲುಗಳ ಮಾತೇ ಇರಲಿಲ್ಲ. ಎಲ್ಲಿಂದ ಎಲ್ಲಿಗೆ ಬೇಕಾದರೂ ನೆಗೆಯಬಹುದಾದಾಗ, ಓದುವವನಿಗೆ ದಾರಿ ತಪ್ಪುವುದು ಸಹಜ. 1966ರಲ್ಲಿ ಬೋಮ್ ಮತ್ತು ಯಾಕೋಪೀನಿ ಎಂಬ ಇಬ್ಬರು, ಯಾವ ಕ್ರಮವಿಧಿಯನ್ನಾದರೂ ಮೂರೇ ರಚನೆಗಳಿಂದ, ಎಂದರೆ ಒಂದರ ನಂತರ ಒಂದು ನಡೆಯುವುದು, ಷರತ್ತಿನ ಮೇಲೆ ಕವಲೊಡೆಯುವುದು, ಸುತ್ತಿ ಸುತ್ತಿ ನಡೆಯುವುದು ಇವುಗಳಿಂದ, ಗೋಟುವಿಲ್ಲದೆ ಬರೆಯಬಹುದೆಂದು ಗಣಿತದ ರೀತಿಯಲ್ಲಿ ತೋರಿಸಿಕೊಟ್ಟರು. 1968ರ ಮಾರ್ಚಿಯಲ್ಲಿ ಹಾಲೆಂಡಿನ ಎಡ್ಸ್‌ಗರ್ ಡೈಕ್‌ಸ್ಟ್ರಾ ಬರೆದ ಒಂದು ಚಿಕ್ಕ ಪತ್ರ, ಗೋಟು ಹಾನಿಕರವೆಂದು ಸಾರಿ, ವಿದ್ವಾಂಸರ ನಡುವೆ ದೊಡ್ಡ ಜಗಳವನ್ನೇ ಹಚ್ಚಿತು. 1974ರಲ್ಲಿ ಡೊನಾಲ್ಡ್ ನೂತ್ ಎರಡು ಪಕ್ಷಗಳ ವಾದವನ್ನೂ ತೂಗಿ, ಕೆಲವೆಡೆಗಳಲ್ಲಿ ಅದು ತಕ್ಕದ್ದೇ ಎಂದು ದೀರ್ಘವಾದ ಲೇಖನವನ್ನು ಬರೆದರು.

ಆ ಕಾಲದ ಆದರ್ಶ ಹೀಗಿತ್ತು: ಪ್ರತಿಯೊಂದು ಕಟ್ಟಿಗೂ ಒಳಬರುವ ದಾರಿ ಒಂದು, ಹೊರಹೋಗುವ ದಾರಿ ಒಂದು. ಸುತ್ತಿಗೆ ಮಾತ್ರ ರಿಯಾಯಿತಿ ತೋರಿದರು. ಹುಡುಕುತ್ತಿದ್ದ ವಸ್ತು ಸಿಕ್ಕಿದ ಮೇಲೂ ಸುಮ್ಮನೆ ಸುತ್ತುತ್ತಿರುವುದು ವ್ಯರ್ಥವಷ್ಟೆ. ಅದಕ್ಕಾಗಿ ಬ್ರೇಕ್ ಹುಟ್ಟಿತು. ಷರತ್ತಿಗೆ ಅಂಥ ಅಗತ್ಯವಿಲ್ಲವೆಂದು ತೋರಿತು. ಬೇಡವಾದದ್ದನ್ನು ಇನ್ನೊಂದು ‘ಇಲ್ಲವಾದರೆ’ಯೊಳಗೆ ಇಟ್ಟರೆ ಮುಗಿಯಿತಲ್ಲ!

ಹೀಗೆ ಬಾಗಿಲಿಲ್ಲದ ಕಟ್ಟನ್ನು ಇಂದಿನ ಭಾಷೆಗಳು ನಡೆಸಿಕೊಳ್ಳುವ ರೀತಿ ಒಂದೊಂದರದೂ ಒಂದೊಂದು ತೆರ. ಸುತ್ತೇ ಇಲ್ಲದ ಕಡೆ, ಬರಿಯ ಷರತ್ತಿನೊಳಗೆ ಬ್ರೇಕನ್ನು ಬರೆದರೆ ಪೈಥಾನ್ ಮೊದಲೇ ಮುನಿದು ಕ್ರಮವಿಧಿಯ ಒಂದು ಸಾಲನ್ನೂ ನಡೆಸದೆ ನಿಲ್ಲುತ್ತದೆ. ಲಿನಕ್ಸ್ ಯಂತ್ರಗಳಲ್ಲಿ ಬಳಕೆಯಲ್ಲಿರುವ ಬ್ಯಾಶ್ ಹಾಗಲ್ಲ; ಈ ಪದಕ್ಕೆ ಸುತ್ತಿನೊಳಗೆ ಮಾತ್ರ ಅರ್ಥವೆಂದು ಒಂದು ಮಾತು ಗೊಣಗಿ, ಕೆಳಗಿನ ಆದೇಶಗಳನ್ನು ಏನೂ ಆಗಿಲ್ಲವೆಂಬಂತೆ ನಡೆಸಿಕೊಂಡು ಹೋಗುತ್ತದೆ. ಕೆಳಗಿನ ಆದೇಶ ಹಳೆಯ ಕಡತಗಳನ್ನು ಅಳಿಸುವುದಾಗಿದ್ದರೆ ಏನು ಗತಿಯೆಂಬುದನ್ನು ವಾಚಕರೇ ಯೋಚಿಸಬಹುದು. ಮೈಕ್ರೋಸಾಫ್ಟಿನ ಪವರ್‌ಶೆಲ್ ಇನ್ನೂ ವಿಚಿತ್ರ: ತನ್ನನ್ನು ಕರೆದವರು ಯಾರು, ಅವರನ್ನು ಕರೆದವರು ಯಾರು ಎಂದು ಮೇಲೆ ಮೇಲೆ ಹುಡುಕುತ್ತಾ ಹೋಗಿ, ಎಲ್ಲಿಯೂ ಸುತ್ತು ಸಿಕ್ಕದಿದ್ದರೆ ಸದ್ದಿಲ್ಲದೆ ಎಲ್ಲವನ್ನೂ ಮುಗಿಸಿಬಿಡುತ್ತದೆ. ಪರ್ಲಿನಲ್ಲಿ ಬರಿಯ ಆವರಣಚಿಹ್ನೆಗಳ ನಡುವಿನ ಕಟ್ಟು ಒಂದೇ ಸಲ ತಿರುಗುವ ಸುತ್ತೆಂದು ಲೆಕ್ಕ. ಆದುದರಿಂದ ಷರತ್ತಿನ ಒಳಗೆ ಮತ್ತೊಂದು ಜೊತೆ ಆವರಣಗಳನ್ನು ಇಟ್ಟು ಅದರಿಂದ ಹೊರಬೀಳುತ್ತಾರೆ. ಜಾವಾಸ್ಕ್ರಿಪ್ಟ್ ಒಂದು ಮರ್ಯಾದೆಯ ದಾರಿಯನ್ನು ತೋರಿದೆ: ಕಟ್ಟಿಗೊಂದು ಹೆಸರನ್ನು ಕೊಟ್ಟು, ಇಂಥ ಹೆಸರಿನ ಕಟ್ಟಿನಿಂದ ಹೊರಡು ಎಂದು ಸ್ಪಷ್ಟವಾಗಿ ಹೇಳಬಹುದು. ಸುತ್ತುಗಳಿಗೆ ಹೀಗೆ ಹೆಸರಿಡುವ ಸೌಕರ್ಯ ಪೈಥಾನಿಗೂ ಬರಲೆಂದು 2007ರಲ್ಲಿ ಸಲಹೆಯೊಂದು ಬಂದಾಗ ವಾನ್ ರಾಸಮ್ ಅದನ್ನು ನಿರಾಕರಿಸಿದರು.

ಕೆಲವರು ಒಂದೇ ಸಲ ತಿರುಗುವ ಸುಳ್ಳು ಸುತ್ತನ್ನು ಕಟ್ಟಿ ಅದರೊಳಗೆ ಷರತ್ತನ್ನು ಕೂರಿಸಿ ಬ್ರೇಕನ್ನು ಬಳಸುತ್ತಾರೆ. ನಮಗೆ ಇದು ಹಿಡಿಸದ ಉಪಾಯ. ಸುತ್ತನ್ನು ಕಂಡ ಓದುಗ, ಏನೋ ಮತ್ತೆ ಮತ್ತೆ ನಡೆಯುತ್ತದೆಂದು ತಿಳಿಯುತ್ತಾನೆ. ಕೊನೆಯಲ್ಲಿ ಬ್ರೇಕನ್ನು ಬರೆಯಲು ಮರೆತರಂತೂ ಅದು ನಿಜವಾಗಿಯೇ ಮುಗಿಯದೆ ತಿರುಗುತ್ತಿರುತ್ತದೆ.

ಇದೆಲ್ಲ ಕಲಿಯುವ ಹುಡುಗರ ತೊಡಕು, ಅನುಭವಿಗಳಿಗೆ ಇದರಿಂದ ಏನೂ ಆಗದೆಂದು ಯಾರಾದರೂ ಭಾವಿಸಿದರೆ, ಅವರು 1990ನೆಯ ಜನವರಿ 15ರ ಮಧ್ಯಾಹ್ನವನ್ನು ನೆನೆಯಬೇಕು. ಅಮೆರಿಕದ ಎ. ಟಿ. ಅಂಡ್ ಟಿ. ಕಂಪನಿಯ ದೂರದ ಕರೆಗಳನ್ನು ಸಾಗಿಸುತ್ತಿದ್ದ ದೊಡ್ಡ ಟೆಲಿಫೋನ್ ವಿನಿಮಯಕೇಂದ್ರಗಳು 114. ಹಿಂದಿನ ತಿಂಗಳಷ್ಟೆ ಅವುಗಳ ಕ್ರಮವಿಧಿಯನ್ನು ಉತ್ತಮಪಡಿಸಿ ಹೊಸದನ್ನು ಹಾಕಿದ್ದರು. ಅಂದು ಎರಡೂವರೆಯ ಸುಮಾರಿಗೆ ನ್ಯೂಯಾರ್ಕಿನ ಒಂದು ಕೇಂದ್ರಕ್ಕೆ ಸಣ್ಣದೊಂದು ಅಡಚಣೆ ಬಂದು, ಅದು ಕೆಲವು ಸೆಕೆಂಡುಗಳ ಕಾಲ ತನ್ನನ್ನು ತಾನೇ ಸರಿಪಡಿಸಿಕೊಂಡು ಮತ್ತೆ ಕೆಲಸಕ್ಕೆ ನಿಂತಿತು. ನೆರೆಯ ಕೇಂದ್ರಗಳಿಗೆ ಕರೆಗಳ ಸಂದೇಶಗಳನ್ನು ಕಳುಹಿಸಲಾರಂಭಿಸಿತು. ನೆರೆಯ ಕೇಂದ್ರವು ಮೊದಲ ಸಂದೇಶವನ್ನು ಕಂಡು, ‘ಇದು ಮತ್ತೆ ಎದ್ದಿದೆ’ ಎಂದು ತನ್ನ ದಾಖಲೆಯಲ್ಲಿ ಬರೆದುಕೊಳ್ಳುತ್ತಿರುವಾಗಲೇ, ಒಂದು ಸೆಕೆಂಡಿನ ನೂರನೆಯ ಒಂದು ಪಾಲಿನಷ್ಟು ಕಾಲದೊಳಗೆ, ಎರಡನೆಯ ಸಂದೇಶ ಬಂದುಬಿಟ್ಟಿತು.

ಅಲ್ಲಿದ್ದ ಕ್ರಮವಿಧಿಯ ಆಕಾರ ಹೀಗೆ. ಅದು ಸಿ ಎಂಬ ಭಾಷೆಯಲ್ಲಿತ್ತು. ಹೊರಗೊಂದು ‘ಸ್ವಿಚ್’ ಎಂಬ ಕಟ್ಟು. ಬಂದ ಸಂದೇಶದ ಜಾತಿಯನ್ನು ನೋಡಿ ಬೇರೆ ಬೇರೆ ದಾರಿಗೆ ಕಳುಹಿಸುವುದು ಅದರ ಕೆಲಸ. ಅದರ ಒಳಗೆ ಒಂದು ಷರತ್ತು: ಕಳುಹಿಸಿದ ಕೇಂದ್ರ ಕೆಲಸದಲ್ಲಿಲ್ಲವೆಂದು ದಾಖಲೆಯಲ್ಲಿದ್ದರೆ. ಅದರೊಳಗೆ ಇನ್ನೊಂದು: ಬರೆಯುವ ಜಾಗ ಖಾಲಿಯಿದ್ದರೆ ದಾಖಲೆಯನ್ನು ತಿದ್ದು, ಇಲ್ಲವಾದರೆ ಬ್ರೇಕ್. ಬರೆದವರ ಮನಸ್ಸಿನಲ್ಲಿದ್ದುದು ಷರತ್ತಿನಿಂದ ಹೊರಬಂದು, ಕೆಳಗಿನ ಆದೇಶಗಳಂತೆ ಸಂದೇಶವನ್ನು ಸರಿಯಾಗಿ ಇಟ್ಟುಕೊಳ್ಳುವುದು. ಆದರೆ ಸಿ ಭಾಷೆಯಲ್ಲಿ ಬ್ರೇಕಿಗೆ ಷರತ್ತು ಕಾಣಿಸದು. ಅದಕ್ಕೆ ಕಾಣಿಸುವುದು ಸುತ್ತು ಮತ್ತು ಸ್ವಿಚ್ ಎರಡೇ. ಅದು ಇಡೀ ಸ್ವಿಚ್ಚನ್ನೇ ಬಿಟ್ಟು ಹೊರಬಂದಿತು. ಸಂದೇಶವನ್ನು ಸಿದ್ಧಪಡಿಸುವ ಕೆಲಸ ತಪ್ಪಿಹೋಯಿತು. ಅದು ಸಿದ್ಧವಾಗಿದೆಯೆಂದೇ ನಂಬಿದ್ದ ಮುಂದಿನ ಆದೇಶಗಳು ಇದ್ದ ಮಾಹಿತಿಯ ಮೇಲೆಯೇ ಬರೆದು ಕೆಡಿಸಿದವು.

ಮಾಹಿತಿ ಕೆಟ್ಟದ್ದನ್ನು ಕಂಡ ಕೇಂದ್ರ ತನ್ನನ್ನು ಸರಿಪಡಿಸಿಕೊಳ್ಳಲು ಕೆಲಸದಿಂದ ಇಳಿಯಿತು. ಎದ್ದು ನಿಂತು ನೆರೆಯವರಿಗೆ ಸಂದೇಶಗಳನ್ನು ಕಳುಹಿಸಿತು. ಅವರೂ ಹಾಗೆಯೇ ಬಿದ್ದರು. ಬಿದ್ದವರು ಎದ್ದು ಎದ್ದವರನ್ನು ಬೀಳಿಸುವ ಈ ಆಟ ಸುಮಾರು ಒಂಬತ್ತು ಗಂಟೆ ನಡೆಯಿತು. ಆ ಅವಧಿಯಲ್ಲಿ ಮಾಡಿದ ದೂರದ ಕರೆಗಳಲ್ಲಿ ಅರ್ಧದಷ್ಟು ತಲುಪಲೇ ಇಲ್ಲ. ಎಲ್ಲ ಕೇಂದ್ರಗಳಲ್ಲೂ ಅದೇ ಕ್ರಮವಿಧಿಯಿದ್ದುದರಿಂದ ಒಂದಕ್ಕೆ ಇನ್ನೊಂದು ಆಸರೆಯಾಗಲಿಲ್ಲ. ಕಾರಣವಾದದ್ದು ಒಂದೇ ಒಂದು ಪದ, ಮತ್ತು ಅದು ಯಾವ ಬೇಲಿಯ ಬಾಗಿಲೆಂಬ ಬಗ್ಗೆ ಒಬ್ಬರಿಗಿದ್ದ ತಪ್ಪು ಕಲ್ಪನೆ. ಜಾವಾಸ್ಕ್ರಿಪ್ಟ್, ಪಿಎಚ್‌ಪಿ ಮುಂತಾದ ಸ್ಕ್ರಿಪ್ಟಿಂಗ್ ಭಾಷೆಗಳು ಬ್ರೇಕನ್ನು ಸಿ ಭಾಷೆಯಿಂದಲೇ, ಸ್ವಿಚ್ಚಿನ ಸಮೇತ, ಪಿತ್ರಾರ್ಜಿತವಾಗಿ ಪಡೆದಿವೆ.

ಹಾಗಾದರೆ ಷರತ್ತಿನಿಂದ ನಡುವೆಯೇ ಹೊರಬರಬೇಕಾದವನು ಏನು ಮಾಡಬೇಕು? ಹಳಬರು ಹೇಳುವ ಉತ್ತರ ಇದು: ಕಟ್ಟಿಗೆ ಬಾಗಿಲಿಲ್ಲವಾದರೆ ಅದನ್ನೊಂದು ಮನೆಯನ್ನಾಗಿ ಮಾಡು. ಎಂದರೆ, ಆ ಆದೇಶಗಳನ್ನು ತೆಗೆದು, ಹೆಸರಿಟ್ಟು, ಫಂಕ್ಷನ್ ಎಂಬ ಬೇರೆ ಘಟಕದಲ್ಲಿ ಇಡಬೇಕು. ಫಂಕ್ಷನ್ನಿಗೆ ‘ರಿಟರ್ನ್’ ಎಂಬ ಬಾಗಿಲುಂಟು. ಎಷ್ಟು ಷರತ್ತುಗಳ ಒಳಗೆ, ಎಷ್ಟು ಸುತ್ತುಗಳ ಒಳಗೆ ನಿಂತು ರಿಟರ್ನ್ ಎಂದರೂ ಅದು ಬಿಡುವುದು ಆ ಫಂಕ್ಷನ್ನನ್ನು, ಅದನ್ನು ಮಾತ್ರ. ಕರೆದ ಜಾಗಕ್ಕೆ ಹಿಂದಿರುಗಿ ಕೆಲಸ ಮುಂದುವರಿಯುತ್ತದೆ.

ಈಗ ಚಳ್ಳಕೆರೆಯ ಬಯಲಿನ ಮೇಲಿನ ಹತ್ತು ಷರತ್ತುಗಳನ್ನು ಮತ್ತೆ ನೆನೆಯೋಣ. ಅವನ್ನು ನಾವೇ ಪೈಥಾನಿನಲ್ಲಿ ಬರೆದು ನೋಡುತ್ತೇವೆನ್ನಿ; ನಿಜವಾದ ವಾಹನದ ಮಾತಲ್ಲ, ಕಾಗದದ ಮೇಲಿನ ಅಭ್ಯಾಸ. ಒಂದು ಕ್ರಮ: ಎತ್ತರ ಸರಿಯಿದ್ದರೆ, ಅದರೊಳಗೆ ವೇಗ ಸರಿಯಿದ್ದರೆ, ಅದರೊಳಗೆ ಸ್ಥಾನ ಸರಿಯಿದ್ದರೆ, ಎಂದು ಹತ್ತು ಪದರಗಳ ಈರುಳ್ಳಿಯನ್ನು ಕಟ್ಟಿ, ನಟ್ಟನಡುವೆ ‘ಬಿಡು’ ಎಂದು ಬರೆಯುವುದು. ಯಾವ ‘ಇಲ್ಲವಾದರೆ’ ಯಾವ ಷರತ್ತಿಗೆ ಸೇರಿದ್ದೆಂದು ತಿಳಿಯಲು ಅಳತೆಗೋಲನ್ನು ಹಿಡಿದು ಸಾಲುಗಳ ಅಂಚನ್ನು ಅಳೆಯಬೇಕಾದೀತು. ಇನ್ನೊಂದು ಕ್ರಮ: ‘ಬಿಡಬಹುದೆ?’ ಎಂಬ ಫಂಕ್ಷನ್. ಎತ್ತರ ಮಿತಿಯೊಳಗಿಲ್ಲವಾದರೆ, ‘ಬೇಡ’ವೆಂದು ಹಿಂದಿರುಗು. ವೇಗ ಮಿತಿಯೊಳಗಿಲ್ಲವಾದರೆ, ‘ಬೇಡ’ವೆಂದು ಹಿಂದಿರುಗು. ಹೀಗೆ ಹತ್ತು ಸಾಲು. ಹನ್ನೊಂದನೆಯ ಸಾಲು ‘ಬಿಡು’. ಹತ್ತೂ ಕಾವಲುಗಾರರನ್ನು ದಾಟಿದವನು ಮಾತ್ರ ಕೊನೆಯ ಸಾಲನ್ನು ತಲುಪುತ್ತಾನೆ. ಇಂಥ ಸಾಲುಗಳಿಗೆ ಕಾವಲು ಷರತ್ತುಗಳೆಂದೇ ಹೆಸರು. ಒಂದೇ ಹೊರದಾರಿಯಿರಬೇಕೆಂಬ ಹಳೆಯ ಆದರ್ಶಕ್ಕೆ ಇದು ವಿರುದ್ಧ. ಆದರೆ ಓದುವುದಕ್ಕೆ ಇದೇ ಸುಲಭವೆಂದು ನಾವು ನಂಬುತ್ತೇವೆ.

ಕಾವಲುಗಾರನೂ ತಪ್ಪಬಹುದು. 2014ರ ಫೆಬ್ರವರಿಯಲ್ಲಿ ಆಪಲ್ ಕಂಪನಿಯ ಫೋನುಗಳಲ್ಲಿ ಬೆಳಕಿಗೆ ಬಂದ ದೋಷ ಈ ಬಗೆಯದು. ಎದುರಿನ ತಾಣ ನಿಜವಾದುದೇ ಎಂದು ಪರೀಕ್ಷಿಸುವ ಕ್ರಮವಿಧಿಯಲ್ಲಿ ಹಲವು ಕಾವಲು ಷರತ್ತುಗಳಿದ್ದವು. ಯಾವುದಾದರೂ ತಪ್ಪಿದರೆ ‘ಸೋಲು’ ಎಂಬ ಕೊನೆಯ ಭಾಗಕ್ಕೆ ನೆಗೆ ಎಂದು ಒಂದೊಂದರ ಕೆಳಗೂ ಬರೆದಿತ್ತು. ಒಂದು ಕಡೆ ಆ ನೆಗೆತದ ಸಾಲು ಎರಡು ಸಲ ಬಿದ್ದಿತು. ಮೊದಲನೆಯದು ಷರತ್ತಿಗೆ ಸೇರಿತು. ಎರಡನೆಯದು ಅದರ ಪಕ್ಕದಲ್ಲೇ ಅದೇ ಅಂಚಿನಲ್ಲಿ ನಿಂತು, ಷರತ್ತಿನದೇ ಎಂಬಂತೆ ಕಾಣುತ್ತಿದ್ದರೂ, ಆವರಣಚಿಹ್ನೆಗಳಿಲ್ಲದ ಕಾರಣ ಯಾವ ಷರತ್ತಿಗೂ ಸೇರಲಿಲ್ಲ. ಯಂತ್ರ ಪ್ರತಿಸಲವೂ ಅಲ್ಲಿಂದಲೇ ನೆಗೆಯಿತು. ರುಜುವನ್ನು ಪರೀಕ್ಷಿಸಬೇಕಾದ ಮುಖ್ಯವಾದ ಸಾಲು ಎಂದೂ ನಡೆಯಲಿಲ್ಲ. ಆ ಕ್ಷಣದವರೆಗೆ ತಪ್ಪೇನೂ ಕಂಡಿರಲಿಲ್ಲವಾದುದರಿಂದ ಫಲಿತಾಂಶ ‘ಸರಿ’ ಎಂದೇ ಹೋಯಿತು. ಅಮೆರಿಕದ ಟೆಲಿಫೋನಿನಲ್ಲಿ ತಪ್ಪು ಬೇಲಿಯಿಂದ ಹೊರಬಿದ್ದರು. ಇಲ್ಲಿ ಹೊರಬೀಳಬಾರದ ಹೊತ್ತಿನಲ್ಲಿ ಹೊರಬಿದ್ದು, ಹೊರಬಿದ್ದ ಕಾರಣವನ್ನು ಹೇಳಲಿಲ್ಲ. ಪೈಥಾನಿನಲ್ಲಿ ಸಾಲಿನ ಅಂಚೇ ಕಟ್ಟಿನ ಗಡಿಯಾದ್ದರಿಂದ ಈ ಒಂದು ಮೋಸಕ್ಕೆ ಅವಕಾಶವಿಲ್ಲ.

ಹೊರಬಿದ್ದವನು ಕಾರಣವನ್ನು ಹೇಳಬೇಕೆಂಬುದಕ್ಕೆ ಒಳ್ಳೆಯ ಉದಾಹರಣೆ ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿದೆ. 2021ರ ಡಿಸೆಂಬರ್ 25ರಂದು ಹಾರಿದ ಜೇಮ್ಸ್ ವೆಬ್ ದೂರದರ್ಶಕದ ದಿನಚರಿಯನ್ನು ನಡೆಸುವುದು ಜಾವಾಸ್ಕ್ರಿಪ್ಟಿನಲ್ಲಿ ಬರೆದ ಆದೇಶಗಳು. ಒಂದು ವೀಕ್ಷಣೆಗೆ ದಾರಿ ತೋರಬೇಕಾದ ನಕ್ಷತ್ರ ಸಿಕ್ಕದಿದ್ದರೆ ಅದು ಆ ವೀಕ್ಷಣೆಯನ್ನು ಬಿಟ್ಟು ಪಟ್ಟಿಯಲ್ಲಿರುವ ಮುಂದಿನದಕ್ಕೆ ಹೋಗುತ್ತದೆ. ಇಡೀ ಪಟ್ಟಿಯನ್ನು ಬಿಡುವುದಿಲ್ಲ. ಬಿಟ್ಟದ್ದನ್ನು ಭೂಮಿಗೆ ತಿಳಿಸದೆಯೂ ಇರುವುದಿಲ್ಲ. ನಮ್ಮ ಮಳೆಯ ಪುಸ್ತಕದ ಗುಮಾಸ್ತನೂ ಮಾಡುತ್ತಿದ್ದುದು ಇದನ್ನೇ.

ಆ ಪುಸ್ತಕವನ್ನು ಈಗ ಸರಿಪಡಿಸಬಹುದು. ‘ಒಂದು ದಿನದ ಲೆಕ್ಕ’ ಎಂಬ ಫಂಕ್ಷನ್ನನ್ನು ಮಾಡಿ, ಷರತ್ತಿನ ಕಟ್ಟಿನಲ್ಲಿದ್ದ ಆದೇಶಗಳನ್ನು ಅದರೊಳಗೆ ಇಡೋಣ. ಸಾಲು ಜೂನಿನದಲ್ಲವಾದರೆ ಹಿಂದಿರುಗು, ಅಂಕಿ ಬರೆದಿಲ್ಲವಾದರೆ ಹಿಂದಿರುಗು, ಉಳಿದದ್ದು ಮೊದಲಿನಂತೆ. ಹೊರಗಿನ ಸುತ್ತು ಪ್ರತಿಯೊಂದು ಸಾಲಿಗೂ ಈ ಫಂಕ್ಷನ್ನನ್ನು ಕರೆದು, ಅದು ಹೇಗೆ ಹಿಂದಿರುಗಿದರೂ ಸರಿಯೆ, ಆ ಮೇಲೆ ತಾರೀಖನ್ನು ಬರೆಯುತ್ತದೆ. ಮೊತ್ತ 62; ನೋಡಿದ ಸಾಲುಗಳು 30.

ಒಂದು ಕೆಲಸ ಇನ್ನೂ ಉಳಿದಿದೆ. ಬರಿದಾದ ಸಾಲನ್ನು ಬಿಟ್ಟು ಹೊರಡುವಾಗ ಅಲ್ಲಿ ಸೊನ್ನೆಯನ್ನು ತುಂಬಿ ಹೊರಡುವ ಅಭ್ಯಾಸ ಕೆಲವರಿಗಿದೆ. ಮೊತ್ತಕ್ಕೆ ಇದರಿಂದ ಬಾಧೆಯಿಲ್ಲ. ಆದರೆ ಮಳೆಮಾಪಕವನ್ನು ನೋಡದ ದಿನವೂ ಮಳೆ ಬೀಳದ ದಿನವೂ ಬೇರೆ ಬೇರೆ; ವಾರಗಟ್ಟಲೆ ಮಳೆಯಿಲ್ಲದ ಅವಧಿಯನ್ನು ಎಣಿಸುವಾಗ ಆ ಸುಳ್ಳು ಸೊನ್ನೆ ನಿಜವಾದ ಸೊನ್ನೆಗಳ ಸಾಲಿನಲ್ಲಿ ಸೇರಿ, ಎರಡು ಚಿಕ್ಕ ಬಿಡುವುಗಳನ್ನು ಒಂದು ದೊಡ್ಡ ಬಿಡುವನ್ನಾಗಿ ಮಾಡಬಲ್ಲದು. ಆದುದರಿಂದ ಎರಡನೆಯ ಕಾವಲು ಷರತ್ತಿನಲ್ಲಿ ಹಿಂದಿರುಗುವುದಕ್ಕೆ ಮುಂಚೆ ಇನ್ನೊಂದು ಆದೇಶವನ್ನು ಸೇರಿಸಬೇಕು: ಈ ತಾರೀಖನ್ನು ‘ಅಂಕಿಯಿಲ್ಲದ ದಿನ’ಗಳ ಪಟ್ಟಿಗೆ ಬರೆ. ತಿಂಗಳ ಕೊನೆಯಲ್ಲಿ ಮೊತ್ತದ ಕೆಳಗೆ ಆ ಪಟ್ಟಿಯೂ ಅಚ್ಚಾಗುತ್ತದೆ. ನಮ್ಮ ಕಲ್ಪಿತ ಜೂನಿನಲ್ಲಿ ಅದರಲ್ಲಿರುವುದು ಒಂದೇ ತಾರೀಖು, ಹನ್ನೊಂದು. ಆ ದಿನ ತಳಕಿನಲ್ಲಿ ಮಳೆ ಬಿದ್ದಿತೆ ಎಂದು ಊರಿನ ರೈತರನ್ನು ಕೇಳಿ ತಿಳಿಯುವುದು ಮಾತ್ರ ಯಂತ್ರದ ಕೆಲಸವಲ್ಲ.